ಅಮ್ಮನ್ನ ಕರ್ಕೊಂಡು ಬ್ಯಾಂಕಾಕ್, ಫುಕೆಟ್, ಕೌಲಾಲಂಪುರ, ಸಿಂಗಾಪುರ: 9 ದಿನಕ್ಕೆ ಆಗುತ್ತಾ?

ನಮಸ್ಕಾರ ಎಲ್ಲರಿಗೂ. ನವೆಂಬರ್ ಕೊನೆಗೆ ಅಮ್ಮನ ಜೊತೆ ಹೊರದೇಶಕ್ಕೆ ಹೋಗೋಣ ಅಂತಿದೀನಿ, ನಾವಿಬ್ರೇ. ಅಮ್ಮಂಗೆ 66, ಮಂಡಿ ನೋವಿದೆ, ಶುಗರ್ ಮಾತ್ರೆ ತಗೋತಾರೆ, ಮೊಟ್ಟೆ ಕೂಡ ಮುಟ್ಟಲ್ಲ, ಪಾಸ್‌ಪೋರ್ಟ್ ಮಾಡ್ಸಿದ್ದೇ ಈ ವರ್ಷ. ಸಮುದ್ರದ ಪಕ್ಕ ಇರ್ಬೇಕು ಅನ್ನೋದು ಅವರದೇ ಆಸೆ. ಮೇಲೆ ಬರೆದ ನಾಲ್ಕೂ ಊರು ಮುಗಿಸಬಹುದಾ? ಹೋಗಿಬಂದವರು ದಯವಿಟ್ಟು ಅನುಭವ ಹೇಳಿ.

—

ನಾಲ್ಕು ಬೇಡ್ವೇ ಬೇಡ, ಎರಡು ಸಾಕು. ನಾನು ಹೋದ ಡಿಸೆಂಬರಲ್ಲಿ ಅಮ್ಮನ ಜೊತೆ ಬ್ಯಾಂಕಾಕ್, ಕ್ರಾಬಿ (ಥಾಯ್ಲೆಂಡಲ್ಲೇ ಸಮುದ್ರದ ಪಕ್ಕದ ಊರು) ಎರಡೇ ಮಾಡಿದ್ದು, ಅದರಲ್ಲೂ ತಪ್ಪು ಮಾಡ್ದೆ. ಮೊದಲನೇದು ಫ್ಲೈಟ್. ಬೆಂಗಳೂರಿಂದ ಬ್ಯಾಂಕಾಕ್ ಹತ್ರ ಹತ್ರ ನಾಲ್ಕು ಗಂಟೆ ಅಷ್ಟೆ, ಅದಕ್ಕೇನಂತೆ ಅಂತ ರಾತ್ರಿದು ಹಾಕಿದ್ದೆ, ಅಲ್ಲಿ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಸರಿಯಾಗಿ ಕಣ್ಣು ಮುಚ್ಚೋ ಮೊದಲೇ ಬೆಳಗಾಯ್ತು, ಹೋಟೆಲಲ್ಲಿ ರೂಮ್ ಕೊಡೋದು ಮಧ್ಯಾಹ್ನ ಎರಡಕ್ಕೆ. ಅಮ್ಮ ಲಾಬಿ ಸೋಫಾ ಮೇಲೆ ಬ್ಯಾಗ್ ತಲೆದಿಂಬು ಮಾಡ್ಕೊಂಡು, ಛತ್ರದಲ್ಲಿ ರೂಮ್ ಸಿಗದ ಬೀಗರ ಥರ ಮುಖ ಮಾಡ್ಕೊಂಡು ಮಲಗಿದ್ರು. ರಾತ್ರಿ ಫ್ಲೈಟೇ ಆದ್ರೆ ಹಿಂದಿನ ದಿನದಿಂದಾನೇ ರೂಮ್ ಬುಕ್ ಮಾಡಿ, ದುಡ್ಡು ಹೋದ್ರೆ ಹೋಗ್ಲಿ.

ಟಿಕೆಟ್ ಮಾಡುವಾಗ್ಲೇ ವೀಲ್‌ಚೇರ್ ಕೇಳಿ, ಅದಕ್ಕೆ ಸಾಮಾನ್ಯವಾಗಿ ಬೇರೆ ದುಡ್ಡಿಲ್ಲ. ನಮ್ಮಮ್ಮ "ನಾನೇನು ಕಾಯಿಲೆಯವಳಾ" ಅಂತ ಹೋಗುವಾಗ ಹತ್ಲಿಲ್ಲ, ಸುವರ್ಣಭೂಮಿ ಏರ್‌ಪೋರ್ಟ್ ನಡೆದು ನಡೆದು ಸಾಕಾಗಿ, ಬರುವಾಗ ತಾವಾಗೇ ಹೋಗಿ ಕೂತ್ರು. (ಆ ಹೆಸರು ಓದಿ ಮಾತ್ರ ಖುಷಿ ಪಟ್ಟಿದ್ರು, "ನಮ್ಮ ಸಂಸ್ಕೃತ ಅಲ್ವೇನೋ ಇದು" ಅಂತ.)

ಬ್ಯಾಂಕಾಕಲ್ಲಿ ದಿನಕ್ಕೆ ಒಂದೇ ಜಾಗ ಇಟ್ಕೊಳ್ಳಿ, ಬೆಳಿಗ್ಗೆನೇ. ಗ್ರ್ಯಾಂಡ್ ಪ್ಯಾಲೇಸ್ ಎಂಟೂವರೆಗೆ ತೆಗೀತಾರೆ, ಟಿಕೆಟ್ 500 ಥಾಯ್ ಬಾತ್, ಭುಜ ಮಂಡಿ ಮುಚ್ಚೋ ಬಟ್ಟೆ ಬೇಕು, ಅಮ್ಮಂಗೆ ಸೀರೆ ಇರೋದ್ರಿಂದ ಚಿಂತೆಯಿಲ್ಲ, ಶಾರ್ಟ್ಸ್ ಹಾಕಿದ್ದ ನಾನೇ ಪ್ಯಾಂಟ್ ಕೊಂಡ್ಕೊಂಡೆ. ಹೊರಗಡೆ ಯಾರಾದ್ರೂ "ಇವತ್ತು ಮುಚ್ಚಿದೆ, ಬೇರೆ ಕಡೆ ಕರ್ಕೊಂಡು ಹೋಗ್ತೀನಿ" ಅಂದ್ರೆ ನಂಬಬೇಡಿ. ಒಳಗೆ ಸುತ್ತಲೂ ಗೋಡೆ ಮೇಲೆ ಅವರ ರಾಮಾಯಣ, ರಾಮಕಿಯೆನ್ ಅಂತಾರೆ, 178 ಚಿತ್ರ. ನಾನು ಅರ್ಧ ಗಂಟೆ ಅಂದ್ಕೊಂಡಿದ್ದೆ, ಅಮ್ಮ ಎರಡು ಗಂಟೆ ನಿಂತು ನಂಗೇ ಕಥೆ ಹೇಳ್ಕೊಂಡು ಹೋದ್ರು, ಮಂಡಿ ನೋವು ಎಲ್ಲಿ ಹೋಯ್ತೋ. ಆದ್ರೆ ಅವರ ಕಥೇಲಿ ಹನುಮಂತ ಬ್ರಹ್ಮಚಾರಿ ಅಲ್ಲ, ರಾವಣನ ಮಗಳು, ಮೀನಿನ ಬಾಲದವಳು, ಅವಳ ಜೊತೆ ಪ್ರೇಮ, ಮಗ ಬೇರೆ. ಇದನ್ನ ನಾನು ಬಾಯಿ ತಪ್ಪಿ ಹೇಳ್ದೆ. ಸಾಯಂಕಾಲದವರೆಗೂ ಅಮ್ಮ ಸರಿಯಾಗಿ ಮಾತಾಡ್ಲಿಲ್ಲ. ಪಕ್ಕದಲ್ಲೇ ವಾಟ್ ಪೋ ದೇವಸ್ಥಾನ, 46 ಮೀಟರ್ ಉದ್ದದ ಮಲಗಿರೋ ಬುದ್ಧ, ಅಲ್ಲಿ ಸಮತಟ್ಟು, ಆರಾಮ. ನದಿ ಆಚೆ ವಾಟ್ ಅರುಣ್ ಮೆಟ್ಟಿಲು ಕಡಿದಾಗಿವೆ, ಕೆಳಗಿಂದಾನೇ ನೋಡಿ.

ಇನ್ನು ಸಮುದ್ರ. ಕ್ರಾಬಿಲಿ ನಾಲ್ಕು ದ್ವೀಪದ ಟೂರ್ ತಗೊಂಡೆ, ಕೌಂಟರ್‌ನವನು "ವೆರಿ ಈಸಿ ಫಾರ್ ಮಮ್ಮಾ" ಅಂದ. ಈಸಿ ಎಲ್ಲಿಂದ ಬಂತು, ಲಾಂಗ್‌ಟೇಲ್ ಅನ್ನೋ ಉದ್ದನೆ ಮರದ ಬೋಟಿಗೆ ಮಂಡಿಯುದ್ದ ನೀರಲ್ಲಿ ನಡೆದುಹೋಗಿ ಅಲ್ಲಾಡೋ ಏಣಿ ಹತ್ತಬೇಕು, ಅಮ್ಮ ಸೀರೆ ಎತ್ತಿ ಕಟ್ಟಿ, ಬೋಟಿನವನು ಒಂದು ಕೈ ನಾನೊಂದು ಕೈ ಹಿಡಿದು, ಅಂತೂ ಹತ್ಸಿದ್ವಿ, ಇಂಥ ಸರ್ಕಸ್ ಒಂದೊಂದು ದ್ವೀಪದಲ್ಲೂ ಎರಡೆರಡು ಸಲ. ಬುಕ್ ಮಾಡುವಾಗ ಜೆಟ್ಟಿಯಿಂದ ಹತ್ತೋದಾ ನೀರಿಂದ ಹತ್ತೋದಾ ಅಂತ ಬಿಡಿಸಿ ಕೇಳಿ. ಸ್ಪೀಡ್ ಬೋಟ್ ಆದ್ರೆ ಹಿಂದುಗಡೆ ಸೀಟು, ಮುಂದೆ ಕೂತ್ರೆ ಎತ್ತಿ ಎತ್ತಿ ಒಗೆಯುತ್ತೆ, ಬೆನ್ನು ಹೋಗುತ್ತೆ. ಮಾರನೇ ದಿನದ ಟೂರ್ ಕ್ಯಾನ್ಸಲ್ ಮಾಡ್ದೆ, ದುಡ್ಡು ವಾಪಸ್ ಬರ್ಲಿಲ್ಲ. ಮಿಕ್ಕಿದ ಮೂರು ಸಂಜೇನೂ ಆವೊ ನಾಂಗ್ ಬೀಚಲ್ಲಿ ಸುಮ್ನೆ ಕೂತಿದ್ವಿ. ಗೋಕರ್ಣದ ಹಾಗೇ ಸೂರ್ಯ ನೀರಿಗೇ ಇಳೀತಾನೆ. ಅಮ್ಮ ಕಾಲು ಚಾಚ್ಕೊಂಡು, ನಂಗೆ ಗೊತ್ತೇ ಇಲ್ದಿದ್ದ ಅಜ್ಜಿ ಮನೆ ಕಥೆಗಳನ್ನ ಹೇಳಿದ್ರು. ಇಡೀ ಟ್ರಿಪ್ಪಲ್ಲಿ ಅವರು ಈಗ್ಲೂ ನೆನೆಸ್ಕೊಳ್ಳೋದು ಅದೊಂದೇ.

—

ತಿಂಗಳು ನೋಡ್ಕೊಂಡು ಬೀಚ್ ಆರಿಸಿ. ನವೆಂಬರ್ ಕೊನೆಗೆ ಫುಕೆಟ್, ಕ್ರಾಬಿ ಕಡೆ ಮಳೆ ಕಮ್ಮಿಯಾಗಿರುತ್ತೆ. ಥಾಯ್ಲೆಂಡಿನ ಇನ್ನೊಂದು ಬದಿಯ ದ್ವೀಪ ಕೊಹ್ ಸಮುಯಿ ಕಡೆ ಅದೇ ಹೊತ್ತಿಗೆ ಜೋರು ಮಳೆ. ವಿಯೆಟ್ನಾಮಿನ ಹೋಯ್ ಆನ್‌ನಲ್ಲೂ ಅದು ನೆರೆ ಬರೋ ಕಾಲ. ಚೀಪ್ ಪ್ಯಾಕೇಜ್ ಯಾಕೆ ಚೀಪ್ ಅಂತ ನಂಗೆ ಅಲ್ಲಿ ಹೋಗಿ ಗೊತ್ತಾಯ್ತು.

—

ನಾವ್ ಅಪ್ಪಾರ್ನ ಕೌಲಾಲಂಪುರಕ್ಕ ಕರ್ಕೊಂಡ ಹೋಗಿದ್ವಿ ನೋಡ್ರಿ, ವಯಸ್ಸು 71, ಪಂಢರಪುರ ತಿರುಪತಿ ಬಿಟ್ರ ಬ್ಯಾರೆ ಊರ ನೋಡಿದವ್ರಲ್ಲ. ಬಟು ಕೇವ್ಸ್‌ಗೆ ಕೆಎಲ್ ಸೆಂಟ್ರಲ್‌ನಿಂದ ರೈಲ್ ಐತಿ. ಗುಹಾದಾಗ ಮುರುಗನ್ ಗುಡಿ, 272 ಮೆಟ್ಟಲಾ ಅದಾವ. ಬ್ಯಾಡ ಅಂದ್ರೂ ಕೇಳ್ಲಿಲ್ಲ, ಹತ್ತಿದ್ರು. ಮ್ಯಾಲ ಹೋಗಿ ನೋಡಿದ್ರ ಗುಹಾದ ಒಳಗ ಮತ್ತೊಂದಿಷ್ಟ ಮೆಟ್ಟಲಾ! ಅಲ್ಲೇ ಕುಂತ್ ಬಿಟ್ರು, ಅಷ್ಟ್ರಾಗ ಮಂಗ್ಯಾ ಬಂದು ಕೈಯಾನ ಬಾಳೆಹಣ್ಣ ಕಸಗೊಂಡ ಹೋತು. ಇಳಿಯೂ ಮುಂದ ಮಂಡಿ ನಡಗಾಕ ಹತ್ತಿದ್ವು, ಹತ್ತೂದಕ್ಕಿಂತ ಇಳಿಯೂದ ಕಷ್ಟ. ನಿಮ್ಮ ಅವ್ವಾರು ಹೋದ್ರ ಕೆಳಗ 42.7 ಮೀಟರ್ ಎತ್ತರದ ಬಂಗಾರ ಬಣ್ಣದ ಮುರುಗನ್‌ಗ ಕೈ ಮುಗದು, ಸ್ಟೇಷನ್ ಬಾಜೂಕ ರಾಮಾಯಣ ಗುಹಾ ಐತಿ, ಅದನ್ನ ನೋಡಿ ಬರ್ರಿ, ಮಲಗಿದ ಕುಂಭಕರ್ಣನ್ನ ನೋಡಿ ಅಪ್ಪಾರು ಭಾಳ ನಕ್ಕರು. ಊಟಕ್ಕ ಬ್ರಿಕ್‌ಫೀಲ್ಡ್ಸ್ ಅಂತ ನಮ್ಮ ಇಂಡಿಯಾ ಮಂದಿ ಏರಿಯಾ ಐತಿ, ಬಾಳಿ ಎಲಿ ಮ್ಯಾಲ ಅನ್ನ ಸಾರು. ರೊಟ್ಟಿ ಇಲ್ಲಾ ಅಂತ ಸಿಟ್ಟ ಮಾತ್ರ ಕಡೀತನಕ ಹೋಗ್ಲಿಲ್ಲ.

—

ಊಟದ ಬಗ್ಗೆ ನಾನು ಹೇಳ್ತೇನೆ, ನಾವು ಉಡುಪಿ ಕಡೆಯವರು, ಅಮ್ಮ ನೀರುಳ್ಳಿ ಬೆಳ್ಳುಳ್ಳಿ ಸಹ ತಿನ್ನುವುದಿಲ್ಲ. ಥಾಯ್ಲೆಂಡಿನಲ್ಲಿ "ವೆಜ್" ಅಂದರೆ ಸಾಕಾಗುವುದಿಲ್ಲ ಮಾರಾಯ್ರೆ, ತರಕಾರಿ ಹಾಕಿ ಮೇಲೆ ಮೀನಿನ ಸಾಸ್ ಸುರಿದು ಕೊಡ್ತಾರೆ. "ಜೇ" ಅಂತ ಕೇಳಬೇಕು. ಹಳದಿ ಬಾವುಟದಲ್ಲಿ ಕೆಂಪು ಅಕ್ಷರ, ದೂರದಿಂದ ನೋಡಿದರೆ ಇಂಗ್ಲಿಷಿನ 17 ಹಾಗೆ ಕಾಣ್ತದೆ, ಅದಿದ್ದ ಅಂಗಡಿಯಲ್ಲಿ ಮೀನು, ಮೊಟ್ಟೆ, ಹಾಲು, ನೀರುಳ್ಳಿ, ಬೆಳ್ಳುಳ್ಳಿ ಎಂತದೂ ಇಲ್ಲ. ಮೊಸರು ಸೆವೆನ್ ಇಲೆವೆನ್‌ನಲ್ಲಿ ಉಂಟು, ಹೆಚ್ಚಿನವು ಸಿಹಿ, ಶುಗರ್ ಇದ್ದವರು ನೋಡಿ ತೆಗೊಳ್ಳಿ. ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಕಟ್ಟಿಕೊಂಡು ಹೋಗಿ, ನಾಚಿಕೆ ಬೇಡ. ಮತ್ತೆ ಮ್ಯಾಂಗೋಸ್ಟೀನ್ ತಿನ್ನಿಸಿ, ನಮ್ಮ ಪುನರ್ಪುಳಿಯ ದಾಯಾದಿ ಅದು, ಅಮ್ಮ ಸಿಪ್ಪೆ ಬಿಸಾಡಲಿಕ್ಕೆ ಬಿಡಲಿಲ್ಲ, "ಒಣಗಿಸಿ ಸಾರು ಮಾಡಬಹುದಾ ನೋಡುವ" ಅಂತ.

—

ಕಾಗದಪತ್ರ: ಥಾಯ್ಲೆಂಡಿಗೆ 2025ರ ಮೇ 1ರಿಂದ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಬೇಕು, ಅಲ್ಲಿ ತಲುಪೋ ಮುಂಚಿನ ಮೂರು ದಿನದಲ್ಲಿ. ಮಲೇಶಿಯಾಕ್ಕೂ ಅಂಥದ್ದೇ ಒಂದಿದೆ. ಎರಡೂ ಫ್ರೀ, ದುಡ್ಡು ಕೇಳಿದ್ರೆ ಅದು ಸರ್ಕಾರಿ ಸೈಟ್ ಅಲ್ಲ. ವೀಸಾ ನಿಯಮ ಬದಲಾಗ್ತಾ ಇರುತ್ತೆ, ಟಿಕೆಟ್ ಮಾಡೋ ದಿನ ಎಂಬಸಿ ಸೈಟ್ ನೋಡಿ. ಮುಂದೆ ಎಂದಾದ್ರೂ ಸಿಂಗಾಪುರಕ್ಕೆ ಹೋದ್ರೆ ಗಸಗಸೆ ಹಾಕಿದ ಪುಡಿ ಬೇಡ, ಅಲ್ಲಿ ಅದು ಡ್ರಗ್ಸ್ ಲೆಕ್ಕ. ಮಾತ್ರೆ, ಡಾಕ್ಟರ್ ಚೀಟಿ ಕೈಬ್ಯಾಗಲ್ಲೇ ಇರಲಿ. ಇನ್ಶೂರೆನ್ಸ್ ಫಾರಂನಲ್ಲಿ ಶುಗರ್ ಇರೋದು ಮುಚ್ಚಿಡ್ಬೇಡಿ.

—

ಎಲ್ಲರಿಗೂ ಥ್ಯಾಂಕ್ಸ್! ಬ್ಯಾಂಕಾಕ್ 4 ದಿನ, ಕ್ರಾಬಿ 5 ದಿನ ಅಂತ ಮಾಡಿದ್ವಿ, ಮಿಕ್ಕಿದ್ದು ಇನ್ನೊಂದ್ಸಲ. ಎಲ್ಲಾ ಉತ್ತರಾನೂ ಅಮ್ಮಂಗೆ ಓದಿ ಹೇಳ್ದೆ, ಹನುಮಂತನ ವಿಷಯ ಒಂದು ಬಿಟ್ಟು. ಎಲ್ಲಾ ಕೇಳಿಸ್ಕೊಂಡು ಅವರು ಕೇಳಿದ ಪ್ರಶ್ನೆ: "ಅಲ್ಲಿ ಬಾತ್‌ರೂಮಲ್ಲಿ ನೀರಿರುತ್ತಾ, ಬರೀ ಪೇಪರಾ?"

—

ನೀರಿನ ಸ್ಪ್ರೇ ಹೆಚ್ಚುಕಮ್ಮಿ ಎಲ್ಲಾ ಕಡೆ ಇರುತ್ತೆ, ಅಮ್ಮಂಗೆ ಧೈರ್ಯವಾಗಿ ಬನ್ನಿ ಅಂತ ಹೇಳಿ. ಪ್ರೆಶರ್ ಮಾತ್ರ ಜಾಸ್ತಿ, ಮೊದಲು ಗೋಡೆ ಕಡೆ ಬಿಟ್ಟು ನೋಡ್ಲಿ.