ಪದಚರ್ಚೆ: ಬ್ರೇಕ್ ‘ಫೇಡ್’ ಆಗುವುದಕ್ಕೆ ಕನ್ನಡದಲ್ಲಿ ಏನನ್ನೋಣ? (ಇವತ್ತು ಸಂಜೆಯೊಳಗೆ ಬೇಕು)

ಮಾನ್ಯರೇ,

ಚಿಕ್ಕಮಗಳೂರಿನ ಕೆ.ಎಂ. ರಸ್ತೆಯ ಗ್ಯಾರೇಜೊಂದಕ್ಕೆ ಗೋಡೆ ಫಲಕ ಬರೆದುಕೊಡುತ್ತಿದ್ದೇನೆ. ಫ್ಲೆಕ್ಸ್ ಅಂಗಡಿಯವರು ಸಂಜೆ ಆರಕ್ಕೆ ಮ್ಯಾಟರ್ ಕೇಳಿದ್ದಾರೆ. ತೋಟದ ಮನೆಗಳ ಹುಡುಗರು ಸ್ಪೋರ್ಟ್ಸ್ ಕಾರುಗಳನ್ನು ಕೊಯಮತ್ತೂರಿನ ‘ಕರಿ’ ಎಂಬ ರೇಸ್ ಟ್ರ್ಯಾಕಿಗೆ ಒಯ್ಯುವ ಮುಂಚೆ ಇಲ್ಲಿ ಬ್ರೇಕ್ ತೋರಿಸಿಕೊಂಡು ಹೋಗುತ್ತಾರೆ. ಕೆಲಸ ಮಾಡುವವರು ಓದುವುದು ಕನ್ನಡ ಮಾತ್ರ.

ಮುಖ್ಯ ತೊಡಕು ‘ಫೇಡ್’. ಸುತ್ತಿನ ಮೇಲೆ ಸುತ್ತು ಜೋರಾಗಿ ಒತ್ತಿದಾಗ ಬ್ರೇಕ್ ಕಾದು ಹಿಡಿತ ಇಳಿಯುತ್ತದಲ್ಲ, ಅದು. ‘ಬ್ರೇಕ್ ಫೇಲ್’ ಅಂದರೆ ಸರಿಹೋಗದು, ಆರಿದ ಮೇಲೆ ಹಿಡಿತ ಸಾಮಾನ್ಯವಾಗಿ ವಾಪಸ್ ಬರುತ್ತದೆ. ಸದ್ಯಕ್ಕೆ ‘ಬ್ರೇಕ್‌ಕುಂದು’ ಎಂದು ಬರೆದಿದ್ದೇನೆ. ಎರಡನೆಯದು ‘ಬೆಡ್ಡಿಂಗ್’: ಹೊಸ ಪ್ಯಾಡ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ಪಟ್ಟಿ) ಹಾಕಿದ ಮೇಲೆ, ವೇಗವಾಗಿ ಹೋಗಿ ಪೂರ್ತಿ ನಿಲ್ಲಿಸದೆ ನಿಧಾನಿಸುವುದನ್ನು ಹಲವು ಸಲ ಮಾಡಿ, ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ಆರಿಸುವುದು. ಪ್ಯಾಡಿನ ಪದಾರ್ಥ ಡಿಸ್ಕಿನ ಮೇಲೆ ತೆಳ್ಳಗೆ, ಸಮನಾಗಿ ಕೂರಬೇಕು. ‘ಬ್ಲೀಡಿಂಗ್’ ಅಂದರೆ ಬ್ರೇಕಿನ ದ್ರವದಲ್ಲಿ ಸೇರಿದ ಗಾಳಿಯನ್ನು ಹೊರಬಿಡುವುದು. ಅದಕ್ಕೆ ಹುಡುಗರು ‘ಏರ್ ತೆಗಿ’ ಅನ್ನುತ್ತಾರೆ. ಫಲಕಕ್ಕೂ ಅದೇ ಸಾಕೇ?

*

ಹಾಸನದಿಂದ:

‘ಬ್ರೇಕ್‌ಕುಂದು’ ಅರಿಸಮಾಸದ ಜಾತಿ, ಹೊರಗಿನ ಮಾತಿಗೆ ಕನ್ನಡದ ಮಾತು ಅಂಟಿಸಿದ್ದು. ಬೇಡ. ನಮ್ಮದೇ ‘ಬಿರಿ’ ಇರುವಾಗ ಬ್ರೇಕ್ ಯಾಕೆ? ಎತ್ತಿನ ಗಾಡಿ ಇಳಿಜಾರಿಗೆ ಬಂದರೆ ‘ಬಿರಿ ಹಾಕು’ ಎಂದೇ ಕೂಗುತ್ತಿದ್ದರು. ಬಿರು, ಬಿರುಸು, ಬಿರಿ ಎಲ್ಲ ಒಂದೇ ಬೇರಿನವು, ಗಟ್ಟಿತನವೇ ಮೂಲಾರ್ಥ. ‘ಬಿರಿಸೋಲು’ ಎನ್ನಿ. ಬೆಡ್ಡಿಂಗಿಗೆ ‘ಪಳಗಿಸು’ ಸಾಕು, ಹೊಸ ಕಾವಲಿಯನ್ನು ಪಳಗಿಸುವುದಿಲ್ಲವೇ?

*

ಬೇಲೂರಿನಿಂದ:

‘ಪಳಗಿಸು’ ಒಪ್ಪಿದೆ. ಬೇರು ಹುಡುಕಿದ್ದು ಒಪ್ಪಲಿಲ್ಲ. ‘ಬಿರಿ’ ಎಂಬುದು ‘ಬ್ರೇಕ್’ ಗಾಡಿಯವರ ಬಾಯಲ್ಲಿ ಸವೆದ ರೂಪ ಎಂದೇ ನನ್ನ ನಂಬಿಕೆ. ಅದನ್ನು ಅಚ್ಚಗನ್ನಡ ಎಂದು ಹೊರಡಿಸುವ ಮುಂಚೆ ಹಳೆಯ ಕಾವ್ಯದಿಂದ ಒಂದು ಪ್ರಯೋಗ ಕೊಡಿ. ಹೋಗಲಿ, ಇವತ್ತಿನ ಓದುಗನಿಗೆ ‘ಬಿರಿ’ ಎಂದರೆ ಮೊಗ್ಗು ಬಿರಿಯುವುದು, ಗೋಡೆ ಬಿರಿಯುವುದು. ಟ್ರ್ಯಾಕಿನಲ್ಲಿ ಕಾದ ಡಿಸ್ಕ್ ನಿಜವಾಗಿಯೂ ಬಿರುಕು ಬಿಡುತ್ತದೆ. ‘ಬಿರಿಸೋಲು’ ಓದಿದ ಹುಡುಗ ಬಿರುಕು ಹುಡುಕುತ್ತಾ ಕೂತಾನು.

*

ಸಕಲೇಶಪುರದಿಂದ:

ಇಬ್ಬರೂ ಒಂದೇ ಪದಕ್ಕೆ ಹೊಡೆದಾಡುತ್ತಿದ್ದೀರಿ. ಬೇಕಾದದ್ದು ಎರಡು.

ಶಿರಾಡಿ ಘಾಟಿ ಇಳಿಸುವ ಲಾರಿಯವರನ್ನು ಕೇಳಿ. ‘ಬ್ರೇಕ್ ಕಾದಿದೆ, ಹಿಡೀತಿಲ್ಲ’ ಎನ್ನುತ್ತಾರೆ. ಪೆಡಲ್ ಕಾಲಿಗೆ ಗಟ್ಟಿಯಾಗಿಯೇ ಸಿಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಕಾರಿನಲ್ಲೂ ಪ್ಯಾಡ್ ತಾಳುವ ಮಿತಿ ಮೀರಿ ಕಾದರೆ ಇದೇ ಆಗುವುದು. ಪ್ಯಾಡಿನೊಳಗಿನ ಅಂಟು ಆವಿಯಾಗಿ ಡಿಸ್ಕಿಗೂ ಪ್ಯಾಡಿಗೂ ನಡುವೆ ಸೇರಿಕೊಳ್ಳುತ್ತದೆ. ಇನ್ನೊಂದು ಪೂರಾ ಬೇರೆ: ಪೆಡಲ್ ಮೆತ್ತಗಾಗಿ ಕೆಳಗೆ ಹೋಗಿಬಿಡುತ್ತದೆ. ಅದು ಕ್ಯಾಲಿಪರಿನಲ್ಲಿ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಫ್ಲೂಯಿಡ್, ಅಂದರೆ ಪೆಡಲಿನ ಒತ್ತಡವನ್ನು ಚಕ್ರಕ್ಕೆ ಒಯ್ಯುವ ದ್ರವ, ಕುದಿದದ್ದು. ದ್ರವ ಅದುಮಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಒತ್ತಿದ ಬಲವೆಲ್ಲ ಗುಳ್ಳೆ ಅದುಮುವುದಕ್ಕೇ ಖರ್ಚು.

ಮದ್ದೂ ಬೇರೆ ಬೇರೆ. ಗಟ್ಟಿ ಪೆಡಲಿಗೆ ಹೆಚ್ಚು ಕಾವು ತಾಳುವ ಪ್ಯಾಡ್ ಹಾಕಬೇಕು, ಡಿಸ್ಕಿಗೆ ಗಾಳಿ ಸಿಗಬೇಕು. ಮೆತ್ತಗಿನ ಪೆಡಲಿಗೆ ಹೊಸ ಫ್ಲೂಯಿಡ್ ತುಂಬಿ ಏರ್ ತೆಗೆಯಬೇಕು. ಎರಡಕ್ಕೂ ‘ಕುಂದು’ ಎಂದು ಬರೆದರೆ ಫ್ಲೂಯಿಡ್ ಬದಲಿಸಬೇಕಾದ ಕಡೆ ಪ್ಯಾಡ್ ಬದಲಿಸಿ ಕಳಿಸುತ್ತಾರೆ. ಮುಂದಿನ ತಿರುವಿನಲ್ಲಿ ಪೆಡಲ್ ಮತ್ತೆ ನೆಲ ಮುಟ್ಟುತ್ತದೆ. ನನಗೆ ಇದರಲ್ಲಿ ವ್ಯಾಕರಣಕ್ಕಿಂತ ಆ ಹುಡುಗನ ಪ್ರಾಣ ದೊಡ್ಡದು.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಗ್ಯಾರೇಜುಗಳಲ್ಲಿ ಎಲ್ಲರೂ ‘ಬ್ರೇಕ್ ಆಯಿಲ್’ ಎನ್ನುತ್ತಾರೆ. ಅದು ಆಯಿಲ್ ಅಲ್ಲ. ಡಾಟ್ 3, ಡಾಟ್ 4, ಡಾಟ್ 5.1 ಎಂಬ ದರ್ಜೆಗಳು ಮೂರೂ ಗ್ಲೈಕಾಲ್ ಎಂಬ ರಾಸಾಯನಿಕದ ಬಳಗದವು. ಆಯಿಲ್ ಎಂದು ನಂಬಿ ಹೊಸ ಹುಡುಗ ಎಂಜಿನ್ ಆಯಿಲ್ ಹುಯ್ದರೆ ರಬ್ಬರ್ ಸೀಲುಗಳು ಊದಿಕೊಂಡು ಕೆಡುತ್ತವೆ. ಫಲಕದಲ್ಲಿ ‘ಬ್ರೇಕ್ ಫ್ಲೂಯಿಡ್’ ಎಂದೇ ಇರಲಿ. ಮತ್ತೆ ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನಕ. ಶೇಕಡಾ 3.7 ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳ ಸಡಿಲಬಿಟ್ಟ ಡಬ್ಬಿಯನ್ನು ಟ್ರ್ಯಾಕಿಗೆ ಹೋಗುವ ಕಾರಿಗೆ ಹುಯ್ಯಲೇಬಾರದು.

*

ಹಾಸನದಿಂದ ಮತ್ತೆ:

ಫ್ಲೂಯಿಡ್, ಪ್ಯಾಡ್, ಕ್ಯಾಲಿಪರ್, ಡಿಸ್ಕ್! ಫಲಕದಲ್ಲಿ ಕನ್ನಡದ್ದು ವಿಭಕ್ತಿ ಪ್ರತ್ಯಯ ಮಾತ್ರ ಉಳಿಯುತ್ತದೆ. ಹೀಗೆ ಬಿಟ್ಟುಕೊಡುತ್ತಾ ಹೋದರೆ ಹೊಸ ಪದ ಕಟ್ಟುವ ಶಕ್ತಿಯೇ ನಮ್ಮ ಮಕ್ಕಳಿಗೆ ಇರುವುದಿಲ್ಲ. ನನಗೆ ಇದು ನಿಜವಾದ ಸಂಕಟ.

*

ಬೇಲೂರಿನಿಂದ:

ಮೇಷ್ಟ್ರೇ, ಸಂಕಟ ಅರ್ಥವಾಗುತ್ತದೆ, ವಾದ ನಿಲ್ಲುವುದಿಲ್ಲ. ಮೇಜು, ಚಾವಿ ಪೋರ್ಚುಗೀಸರ ಕಡೆಯಿಂದ ಬಂದವು. ಈಗ ಅವನ್ನು ಯಾರು ಹೊರಗಿನವು ಎನ್ನುತ್ತಾರೆ? ಅರಿಸಮಾಸವನ್ನು ದೋಷವೆಂದ ಹಳಗನ್ನಡದ ವೈಯಾಕರಣಿ ಕೇಶಿರಾಜನೇ ಬಿರುದಾವಳಿಗೂ ಮೊದಲಿಂದ ರೂಢಿಯಲ್ಲಿರುವ ಮಾತಿಗೂ ವಿನಾಯಿತಿ ಕೊಟ್ಟಿದ್ದಾನೆ. ಸಂಸ್ಕೃತದ ಮಾತು ಕನ್ನಡದ ಬಾಯಿಗೆ ಹೇಗೆ ಹೊಂದಿತು ಎನ್ನುವುದಕ್ಕೆ ಅವನ ಶಬ್ದಮಣಿದರ್ಪಣದಲ್ಲಿ ಒಂದು ಪ್ರಕರಣವೇ ಇದೆ. ಪದ ಕಟ್ಟುವ ಶಕ್ತಿ ಕ್ರಿಯಾಪದದಲ್ಲಿದೆ: ಪಳಗಿಸು, ಆರಿಸು, ಕುದಿ, ಹಿಡಿ. ಇವಕ್ಕೆ ಯಾರೂ ಇಂಗ್ಲಿಷ್ ಹಾಕುತ್ತಿಲ್ಲವಲ್ಲ.

*

ಹಾಸನದಿಂದ:

ಮೇಜಿನ ಉದಾಹರಣೆ ಕೇಳಿ ಕೇಳಿ ಸಾಕಾಗಿದೆ. ಮೇಜು ಒಂದೊಂದಾಗಿ ಬಂತು, ಇವು ಹಿಂಡಾಗಿ ಬರುತ್ತಿವೆ. ‘ಬಿರಿ’ಯ ಬಗ್ಗೆ ಬೇರೆ ಎಳೆಯಲ್ಲಿ ಬರೆಯುತ್ತೇನೆ.

*

ಕೇಳಿದವರಿಂದ:

ಎಲ್ಲರಿಗೂ ವಂದನೆ. ನಾಮಪದ ಬಿಟ್ಟು ವಾಕ್ಯವನ್ನೇ ಬರೆದೆ. ಅಂಗಡಿಗೆ ಕಳಿಸಿದ್ದು ಹೀಗಿದೆ:

‘ಪೆಡಲ್ ಗಟ್ಟಿ, ಕಾರು ನಿಲ್ಲುತ್ತಿಲ್ಲ: ಪ್ಯಾಡ್ ಕಾದಿದೆ. ಪೆಡಲ್ ಮೆತ್ತಗೆ, ಕೆಳಗೆ ಹೋಗುತ್ತಿದೆ: ಫ್ಲೂಯಿಡ್ ಕುದಿದಿದೆ, ಹೊಸದು ತುಂಬಿ ಏರ್ ತೆಗೆಯಿರಿ. ಹೊಸ ಪ್ಯಾಡ್ ಪಳಗಿಸದೆ ಟ್ರ್ಯಾಕಿಗೆ ಕಳಿಸಬೇಡಿ. ಒಡೆದ ಡಬ್ಬಿಯ ಫ್ಲೂಯಿಡ್ ಬಳಸಬೇಡಿ.’

*

ಸಕಲೇಶಪುರದಿಂದ:

‘ಒಡೆದ ಡಬ್ಬಿ’ ಎಂದರೆ ತೂತಾದ ಡಬ್ಬಿ ಅಂದುಕೊಳ್ಳುತ್ತಾರೆ. ‘ಮುಂಚೆಯೇ ಮುಚ್ಚಳ ತೆಗೆದ ಡಬ್ಬಿ’ ಎಂದು ತಿದ್ದಿಸಿ. ಜಾಗ ಇದ್ದರೆ ಇದನ್ನೂ ಸೇರಿಸಿ: ‘ಟ್ರ್ಯಾಕಿನಿಂದ ಬಂದ ಕಾರಿಗೆ ತಕ್ಷಣ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಡಿ.’ ಕಾದ ಡಿಸ್ಕನ್ನು ಪ್ಯಾಡ್ ಒಂದೇ ಜಾಗದಲ್ಲಿ ಕಚ್ಚಿಕೊಂಡರೆ ಅಲ್ಲಿ ಕಲೆ ಕೂತು, ಆಮೇಲೆ ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಕಾರು ಅದುರುತ್ತದೆ. ಆರು ಗಂಟೆಗೆ ಮುಂಚೆ ಫೋನ್ ಮಾಡಿ ತಿದ್ದಿಸಿಬಿಡಿ.