ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ: ದೂರವೆಷ್ಟು, ಹಿಡಿಯುವ ಸಮಯವೆಷ್ಟು?

ಪ್ರಶ್ನೆ: ಮೈಸೂರಿನಲ್ಲಿರುವ ನನ್ನ ತಂದೆತಾಯಿ ಮೊದಲ ಬಾರಿಗೆ ಸ್ಯಾನ್ ಫ್ರಾನ್ಸಿಸ್ಕೊಗೆ ಬರುತ್ತಿದ್ದಾರೆ. ತಂದೆಯವರಿಗೆ ಮೊಣಕಾಲು ನೋವಿದೆ. ಪ್ರಯಾಣಕ್ಕೆ ನಿಜವಾಗಿ ಎಷ್ಟು ಸಮಯ ಹಿಡಿಯುತ್ತದೆ, ಯಾವ ದಾರಿ ಒಳ್ಳೆಯದು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿನಿಂದ ನಡೆಸಿಕೊಂಡು ಬಂದಾಗ ಸುಮಾರು 17 ಗಂಟೆ ಹಿಡಿದಿತ್ತು. ನೇರ ವಿಮಾನದ ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಆದ್ದರಿಂದ ನಿಮ್ಮ ದಿನಾಂಕಕ್ಕೆ ಅದು ಇದೆಯೇ ಎಂದು ಮೊದಲು ವಿಚಾರಿಸಿ. ಟಿಕೆಟ್ಟಿನಲ್ಲಿ ಮುದ್ರಿಸಿರುವುದು ಆಯಾ ಊರಿನ ಸಮಯ ಎಂಬುದನ್ನು ಹಿರಿಯರಿಗೆ ಮುಂಚೆಯೇ ವಿವರಿಸಿ. ಚಳಿಗಾಲದಲ್ಲಿ ಎರಡೂ ಊರುಗಳ ನಡುವೆ ಹದಿಮೂರೂವರೆ ಗಂಟೆ ಅಂತರವಿರುವುದರಿಂದ, ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು 17 ಗಂಟೆ ಹಾರಿದವರು ಅಲ್ಲಿ ಇಳಿಯುವುದು ಅದೇ ಸೋಮವಾರ ಸಂಜೆ ಐದೂವರೆಗೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಈ ಅಂತರ ಒಂದು ಗಂಟೆ ಕಡಿಮೆ. ಔಷಧಿಯ ಹೊತ್ತನ್ನು ಗಡಿಯಾರ ನೋಡಿ ಲೆಕ್ಕ ಹಾಕದೆ, ಹಿಂದಿನ ಮಾತ್ರೆ ತೆಗೆದುಕೊಂಡು ಎಷ್ಟು ಗಂಟೆಯಾಯಿತು ಎಂದು ಲೆಕ್ಕ ಹಾಕುವಂತೆ ಹೇಳಿ.

ಎರಡನೆಯ ಉತ್ತರ: ಮೇಲಿನವರ ಲೆಕ್ಕ ಸರಿಯಾಗಿದೆ, ಆದರೆ ಮೊಣಕಾಲು ನೋವಿರುವವರಿಗೆ ಒಟ್ಟು ದೂರಕ್ಕಿಂತ ಅದು ಹೇಗೆ ಹಂಚಿಹೋಗುತ್ತದೆ ಎಂಬುದೇ ಮುಖ್ಯ ಎಂದು ನನ್ನ ಅತ್ತೆಯವರನ್ನು ಕರೆಸಿಕೊಂಡ ಅನುಭವದಿಂದ ಹೇಳುತ್ತೇನೆ. ದುಬೈ ಮೂಲಕ ಬಂದರೆ ಮೊದಲ ಹಾರಾಟ ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ, ಎರಡನೆಯದರಲ್ಲಿ ಸುಮಾರು 13,000 ಕಿ.ಮೀ. ದೂರವನ್ನು ಹದಿನಾರು ಗಂಟೆಯಷ್ಟು ಹೊತ್ತು ಕೂತೇ ಕಳೆಯಬೇಕು. ಫ್ರಾಂಕ್‌ಫರ್ಟ್ ದಾರಿ ಒಟ್ಟಾರೆ ಉದ್ದವಾದರೂ ಸುಮಾರು 7,400 ಮತ್ತು 9,100 ಕಿ.ಮೀ.ಗಳ ಎರಡು ಭಾಗಗಳಾಗಿ ಒಡೆಯುವುದರಿಂದ ನಡುವೆ ಕಾಲು ಚಾಚಲು, ನಡೆದಾಡಲು ಅವಕಾಶ ಸಿಗುತ್ತದೆ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಅಲ್ಲಿ ನಿಲ್ದಾಣದೊಳಗೇ ವಿಮಾನ ಬದಲಿಸಲು ಬೇರೆ ವೀಸಾ ಬೇಡ, ಆದರೂ ಟಿಕೆಟ್ ಮಾಡಿಸುವ ಮುನ್ನ ನಿಯಮವನ್ನು ಒಮ್ಮೆ ಖಚಿತಪಡಿಸಿಕೊಳ್ಳಿ. ನಡುವಿನ ಬಿಡುವು ಮೂರು ಗಂಟೆಗಿಂತ ಕಡಿಮೆಯಿರಬಾರದು. ಗಾಲಿಕುರ್ಚಿಯನ್ನು ಟಿಕೆಟ್ ಮಾಡಿಸುವಾಗಲೇ ಕೇಳಿ.

ನ್ಯೂಯಾರ್ಕ್‌ನಂಥ ಊರಿನಲ್ಲಿ ಇಳಿದು ಮತ್ತೊಂದು ವಿಮಾನ ಹಿಡಿಯುವ ಟಿಕೆಟ್ಟನ್ನು ಅಗ್ಗವೆಂದು ತೆಗೆದುಕೊಳ್ಳಬೇಡಿ. ಅಮೆರಿಕದಲ್ಲಿ ಮೊದಲು ಇಳಿದ ನಿಲ್ದಾಣದಲ್ಲೇ ವಲಸೆ ತಪಾಸಣೆ ಮುಗಿಸಿ, ಪೆಟ್ಟಿಗೆಗಳನ್ನು ಪಡೆದು, ಮತ್ತೆ ಒಪ್ಪಿಸಬೇಕಾಗುತ್ತದೆ. ಮೊದಲ ಬಾರಿ ಬರುವ ಹಿರಿಯರನ್ನು ಇದು ಬಹಳ ದಣಿಸುತ್ತದೆ.

ಮೂರನೆಯ ಉತ್ತರ: ಒಂದೇ ಟಿಕೆಟ್ಟಿನಲ್ಲಿ ಎರಡೂ ಹಾರಾಟಗಳಿರಲಿ, ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದ ವ್ಯವಸ್ಥೆ ಮಾಡುವುದು ವಿಮಾನ ಸಂಸ್ಥೆಯ ಹೊಣೆಯಾಗುತ್ತದೆ. ಮೈಸೂರಿನಿಂದ ಹೊರಡುವ ಸಮಯವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಕೆಂಪೇಗೌಡ ವಿಮಾನ ನಿಲ್ದಾಣ ಬೆಂಗಳೂರಿನ ಆಚೆ ಬದಿಯಲ್ಲಿರುವುದರಿಂದ ಫ್ಲೈಬಸ್ಸಿನಲ್ಲಿ ಬಂದರೂ ನಾಲ್ಕೈದು ಗಂಟೆ ಬೇಕು, ಹಾರಾಟಕ್ಕೆ ಮೂರು ಗಂಟೆ ಮೊದಲೇ ಅಲ್ಲಿರಬೇಕು. ನಡುರಾತ್ರಿಯ ವಿಮಾನವಾದರೆ ಹಿಂದಿನ ದಿನವೇ ಬೆಂಗಳೂರಿಗೆ ಬಂದು ನೆಂಟರ ಮನೆಯಲ್ಲಿ ವಿಶ್ರಾಂತಿ ಪಡೆದು ಹೊರಡುವುದು ಅವರಿಬ್ಬರಿಗೂ ಒಳ್ಳೆಯದು.