ಆಡಿಷನ್, ಕಾಸ್ಟಿಂಗ್: ಕನ್ನಡದಲ್ಲಿ ಏನನ್ನುತ್ತೀರಿ? (ತುರ್ತು)

ಬಳಗದವರಿಗೆ ನಮಸ್ಕಾರ.

ನಮ್ಮ ಬಡಾವಣೆಯವರೆಲ್ಲ ಸೇರಿ ರಾಜ್ಯೋತ್ಸವಕ್ಕೆ ಒಂದು ಸಂಗೀತ ನಾಟಕ ಆಡುತ್ತಿದ್ದೇವೆ. ಹಾಡು, ಕುಣಿತ, ಮಾತು ಮೂರೂ ಇದೆ. ಎಲ್ಲರೂ ಹವ್ಯಾಸಿಗಳೇ. ಬರುವ ಭಾನುವಾರ ಆಡಿಷನ್, ಪೋಸ್ಟರ್ ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗಬೇಕು. ಮೊದಲು ‘ಆಡಿಷನ್’ ಅಂತಲೇ ಹಾಕಿದ್ದೆವು. ಅದನ್ನು ನೋಡಿ ನಮ್ಮ ಬೀದಿಯ ಹಿರಿಯರೊಬ್ಬರು, ‘ಅದು ಟಿವಿಯವರದ್ದಲ್ವಾ, ನಮಗೇನು ಕೆಲಸ’ ಅಂದರು. ಅವರು ದೇವರನಾಮ ಹಾಡಿದರೆ ಎದ್ದು ಹೋಗಲು ಮನಸ್ಸು ಬರುವುದಿಲ್ಲ, ಅಂಥ ಕಂಠ. ಅಂಥವರೇ ಬರದಿದ್ದರೆ ಹೇಗೆ?

ಆಡಿಷನ್ನಿಗೆ ಒಂದು ಪದ ಬೇಕು, ಯಾರಿಗೆ ಯಾವ ಪಾತ್ರ ಅಂತ ಗೊತ್ತುಮಾಡುವ ಕಾಸ್ಟಿಂಗಿಗೆ ಒಂದು. ಆಮೇಲೆ ಕೆಲವರನ್ನು ಮಾತ್ರ ಇನ್ನೊಂದು ಸಲ ಕರೆಯುತ್ತಾರಲ್ಲ, ಅದಕ್ಕೂ ಒಂದು. ‘ಆಯ್ಕೆ ಪ್ರಕ್ರಿಯೆ’ ಬೇಡ, ಸರ್ಕಾರಿ ನೇಮಕಾತಿ ಥರ ಕೇಳಿಸುತ್ತದೆ.

——

‘ದನಿಯೊರೆ’.

ಒರೆಗಲ್ಲು ಎಲ್ಲರಿಗೂ ಗೊತ್ತು. ಚಿನ್ನವನ್ನು ಒರೆಗೆ ಹಚ್ಚಿದ ಹಾಗೆ ದನಿಯನ್ನು ಹಚ್ಚುವುದು. ಹಳಗನ್ನಡದಲ್ಲಿ ‘ಒರೆ’ಗೆ ‘ಹೇಳು’ ಅನ್ನುವ ಅರ್ಥವೂ ಇದೆ. ಹೇಳಿಸುವುದೂ ಬಂತು, ಬೆಲೆ ಕಟ್ಟುವುದೂ ಬಂತು. ಪಾತ್ರ, ಪರೀಕ್ಷೆ ಎಲ್ಲ ಸಂಸ್ಕೃತ. ನಮ್ಮಲ್ಲೇ ಇರುವಾಗ ಸಾಲ ಯಾಕೆ?

——

ಕತ್ತಿಯ ಒರೆಯೂ ಒರೆಯೇ. ಪೋಸ್ಟರ್ ಓದುವವರ ಕೈಗೆ ನಿಘಂಟು ಯಾರು ಕೊಡುತ್ತಾರೆ?

ಆಕಾಶವಾಣಿಯಲ್ಲಿ ‘ಧ್ವನಿ ಪರೀಕ್ಷೆ’ ಅನ್ನುತ್ತಾರೆ. ಗಾಯಕರಿಗೆಲ್ಲ ಗೊತ್ತಿರುವ ಮಾತು. ‘ಆಕಾಶವಾಣಿ’ ಅನ್ನುವ ಹೆಸರೂ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಶುರುಮಾಡಿದ ಬಾನುಲಿ (ರೇಡಿಯೊ) ಕೇಂದ್ರದ್ದೇ. ಅದು ಸಂಸ್ಕೃತ ಅಂತ ಬಿಟ್ಟುಕೊಡುತ್ತೀರಾ? ಧ್ವನಿ ಪರೀಕ್ಷೆ ಹಾಕಿ, ಮುಗಿಯಿತು.

——

ಮುಗಿದಿಲ್ಲ ಸಾರ್. ಇಬ್ಬರೂ ಹಳ್ಳಿ ಕಡೆ ಕಿವಿ ಕೊಟ್ಟಿಲ್ಲ.

ನಮ್ಮ ಮಂಡ್ಯ, ತುಮಕೂರು ಕಡೆ ಕುರುಕ್ಷೇತ್ರ ನಾಟಕ ಆಡುವವರನ್ನು ಕೇಳಿ. ಊರವರು ಸೇರಿ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸುತ್ತಾರೆ. ಹೊಲದ ಕೆಲಸ ಮುಗಿಸಿ ಬಂದವರು ಸುತ್ತ ಕೂರುತ್ತಾರೆ. ಮೇಷ್ಟ್ರು ಶ್ರುತಿ ಹಿಡಿದು, ‘ಹೂಂ, ಹೇಳಪ್ಪಾ’ ಅಂತ ಒಂದು ಕಂದಪದ್ಯ ಹೇಳಿಸುತ್ತಾರೆ. ಒಬ್ಬನ ದನಿ ಹಾರ್ಮೋನಿಯಂನ ಕಪ್ಪು ಒಂದನೇ ಮನೆಯ ಶ್ರುತಿಗೆ ಸಲೀಸಾಗಿ ಕೂರುತ್ತದೆ. ಇನ್ನೊಬ್ಬನಿಗೆ ಅದೇ ಶ್ರುತಿ ಏರು, ಇಳಿಸಬೇಕು. ಮೇಲಿನ ಷಡ್ಜಕ್ಕೆ, ಅಂದರೆ ಮೇಲಿನ ‘ಸ’ಕ್ಕೆ, ಹೋದಾಗ ಗಂಟಲು ಒಡೆದರೆ ಕೃಷ್ಣನ ಪಾರ್ಟು ಅವನಿಗಿಲ್ಲ. ಆದರೆ ಅವನೇ ಎದ್ದು ನಿಂತು ಗುಡುಗಿದರೆ ಭೀಮನಿಗೆ ಸರಿಹೋಗಬಹುದು. ಇದಕ್ಕೆ ನಾವು ‘ದನಿ ನೋಡೋದು’ ಅನ್ನುತ್ತೇವೆ.

ಪಾರ್ಟು ಹಂಚುವುದು ಬೇರೆ ಕೆಲಸ. ಅಲ್ಲಿ ದುಡ್ಡಿನ ಲೆಕ್ಕವೂ ಬರುತ್ತದೆ. ಸೀನರಿ, ಮೈಕು, ಮೇಷ್ಟ್ರ ಸಂಭಾವನೆ ಎಲ್ಲಕ್ಕೂ ಖರ್ಚಿದೆ. ದೊಡ್ಡ ಪಾರ್ಟಿನವರು ಜಾಸ್ತಿ ಹಾಕಬೇಕು. ದುರ್ಯೋಧನನೇ ಬೇಕು ಅಂತ ಇಬ್ಬರು ಮೂವರು ಪಟ್ಟು ಹಿಡಿದರೆ ಸೀನು ಹಂಚಿ ಕೊಡುತ್ತಾರೆ. ಒಂದೇ ರಾತ್ರಿಯಲ್ಲಿ ಬೇರೆ ಬೇರೆ ದುರ್ಯೋಧನರು ಬಂದು ಹೋಗುತ್ತಾರೆ, ಜನ ಎಲ್ಲರಿಗೂ ಹಾರ ಹಾಕುತ್ತಾರೆ.

ಆದ್ದರಿಂದ ನಿಮ್ಮ ಪೋಸ್ಟರಿಗೆ ‘ದನಿ ನೋಡುವುದು’, ‘ಪಾತ್ರ ಹಂಚಿಕೆ’. ‘ಆಯ್ಕೆ’ ಅಂತ ಹಾಕಿದರೆ ಕೆಲವರನ್ನು ಕೈಬಿಡುತ್ತೀರಿ ಅನ್ನುವುದೇ ಮೊದಲು ಕಣ್ಣಿಗೆ ಬೀಳುತ್ತದೆ. ಹಂಚಿಕೆ ಅಂದರೆ ಬಂದವರಿಗೆಲ್ಲ ಒಂದು ಪಾಲಿದೆ. ಹಾಡು ಬಾರದವರಿಗೆ ದೂತನ ವೇಷವೋ, ಪರದೆ ಎಳೆಯುವ ಕೆಲಸವೋ ಸಿಗುತ್ತದೆ. ಬಡಾವಣೆಯ ನಾಟಕ ಹಾಗೇ ಇರಬೇಕಲ್ವಾ? ‘ಪರೀಕ್ಷೆ’ಯೂ ಬೇಡ. ಎಸ್ಸೆಸ್ಸೆಲ್ಸಿ ಮುಗಿಸಿ ನಲವತ್ತು ವರ್ಷ ಆದವರನ್ನು ಮತ್ತೆ ಯಾಕೆ ಪರೀಕ್ಷೆಗೆ ಕರೆಯುತ್ತೀರಿ? ಇನ್ನೊಂದು ಸಲ ಕರೆಯುವುದಕ್ಕೆ ‘ಎರಡನೇ ಸುತ್ತು’ ಸಾಕು.

——

‘ಪಾರ್ಟು’, ‘ಸೀನು’! ಹಳ್ಳಿಯವರ ಬಾಯಲ್ಲಿ ಬಂದ ಮಾತ್ರಕ್ಕೆ ಕನ್ನಡ ಆಗುವುದಿಲ್ಲ.

——

ಆಗುತ್ತದೆ. ‘ತಾಲೀಮು’ ಅರಬ್ಬಿಯಿಂದ ಬಂದದ್ದು. ‘ಪರದೆ’ ಪಾರಸಿಯದು. ‘ಕಂಪನಿ ನಾಟಕ’ದಲ್ಲಿ ಕಂಪನಿ ಇಂಗ್ಲಿಷಿನದು. ಗುಬ್ಬಿ ವೀರಣ್ಣನವರ ಹೆಸರು ಹೇಳುವಾಗ ಗುಬ್ಬಿ ಕಂಪನಿ ಅನ್ನದೆ ಇನ್ನೇನು ಅನ್ನುತ್ತೀರಿ? ಹಾರ್ಮೋನಿಯಮ್ಮಿಗೆ ಇನ್ನೊಂದು ಹೆಸರು ಕಟ್ಟಿದರೆ ಮೇಷ್ಟ್ರು ತಿರುಗಿಯೂ ನೋಡುವುದಿಲ್ಲ.

——

ಯಾರೋ ಧೈರ್ಯ ಮಾಡಿ ಕಟ್ಟಿದ್ದರಿಂದಲೇ ‘ಬಾನುಲಿ’ ಬಂತು. ಬಂದದ್ದನ್ನೆಲ್ಲ ಇಟ್ಟುಕೊಳ್ಳುತ್ತಾ ಹೋದರೆ ಕನ್ನಡದಲ್ಲಿ ಹೊಸ ಪದ ಕಟ್ಟುವ ಅಭ್ಯಾಸವೇ ತಪ್ಪಿಹೋಗುತ್ತದೆ. ನನ್ನ ಚಿಂತೆ ಅದು. ಇವತ್ತಿನ ಒಂದು ಪೋಸ್ಟರಿನ ಮಾತಲ್ಲ.

——

ನನ್ನ ಚಿಂತೆ ಪೋಸ್ಟರಿನದೇ. :)

ಹೀಗೆ ಬರೆದಿದ್ದೇನೆ: ‘ಸಂಗೀತ ನಾಟಕಕ್ಕೆ ಹಾಡುವವರು, ಕುಣಿಯುವವರು ಬೇಕು. ಭಾನುವಾರ ಬೆಳಗ್ಗೆ ಹತ್ತಕ್ಕೆ ದನಿ ನೋಡುತ್ತೇವೆ. ಪಾತ್ರ ಹಂಚಿಕೆ ಆಮೇಲೆ.’ ನಮ್ಮ ತಂಡದವರೊಬ್ಬರು, ದನಿಯನ್ನು ನೋಡುವುದು ಹೇಗೆ, ‘ಕೇಳುತ್ತೇವೆ’ ಅಂತ ತಿದ್ದಿ ಅನ್ನುತ್ತಿದ್ದಾರೆ.

——

ತಿದ್ದಬೇಡಿ. ‘ಕೇಳುತ್ತೇವೆ’ ಅಂದರೆ ಸುಮ್ನೆ ಕೂತು ಕಚೇರಿ ಕೇಳಿದ ಹಾಗೆ. ಡಾಕ್ಟರು ನಾಡಿ ನೋಡುತ್ತಾರೆ, ಅಡುಗೆಯವರು ಉಪ್ಪು ನೋಡುತ್ತಾರೆ, ಮೇಷ್ಟ್ರು ಶ್ರುತಿ ನೋಡುತ್ತಾರೆ. ಹಾಗೇ ಪ್ರಿಂಟಿಗೆ ಕಳಿಸಿ.